ಇನ್ನೂರಕ್ಕೆ ಮೂವತ್ತೇಳು

ಮಾರ್ಚ್ 4, ಬೆಳಗ್ಗೆ

—ನಿನ್ನೆ ಅರ್ಧಕ್ಕೇ ನಿಂತಿತು, ಪೆನ್ನಿನಲ್ಲಿ ಇಂಕ್ ಮುಗಿಯಿತು. ಎಲ್ಲಿದ್ದೆ? ಹಾಂ. ಇನ್ನೂರಕ್ಕೆ ಮೂವತ್ತೇಳು. ಇವತ್ತು ಹಾಲು ತರುವ ನೆಪದಲ್ಲಿ ಮತ್ತೆ ಹೋಗಿ ನೋಡಿ ಬಂದೆ. ಕನ್ನಡಕ ಒರೆಸಿಕೊಂಡು ನೋಡಿದೆ. ಚಿತ್ರದ ಕೆಳಗೆ, ಎಡಮೂಲೆಯಲ್ಲಿ, 37/200. ಅದೂ ಪೆನ್ಸಿಲ್ಲಿನಲ್ಲಿ! ಮೂವತ್ತೆರಡು ವರ್ಷ ಪರೀಕ್ಷಾ ವಿಭಾಗದಲ್ಲಿ ಕೂತು ಅಂಕ ಕೂಡಿದವನು ನಾನು. ಪೆನ್ಸಿಲ್ಲಿನಲ್ಲಿ ಅಂಕ ಬರೆದ ಉತ್ತರಪತ್ರಿಕೆ ಬಂದರೆ ಮುಖ ನೋಡದೆ ವಾಪಸು ಕಳಿಸುತ್ತಿದ್ದೆ. ಆಫೀಸಿನಲ್ಲಿ ನನಗೆ ‘ರೀಟೋಟಲಿಂಗ್’ ಎಂದೇ ಹೆಸರು. ಹಿಂದಿನಿಂದ ಕರೆಯುತ್ತಿದ್ದರು. ಗೊತ್ತಿತ್ತು.

ವಿಷಯ ಅದಲ್ಲ. ವಿಷಯ ಏನೆಂದರೆ, ತೀರಿಹೋಗಿ ಎಂಟು ತಿಂಗಳಾದ ನನ್ನ ಹೆಂಡತಿ ಬೀದಿ ಮೂಲೆಯ ಫ್ರೇಮ್ ಅಂಗಡಿಯ ಗಾಜಿನೊಳಗೆ ನಿಂತು ನಗುತ್ತಿದ್ದಾಳೆ.

ನಮ್ಮದೇ ಬಾಲ್ಕನಿ. ನಮ್ಮದೇ ಕಂಬಿ, ಮೂರನೆಯದು ಸೊಟ್ಟ. ಅವಳ ಕುಂಡಗಳು. ಮೈಮೇಲೆ ಎಂಥದೋ ಹಳದಿ ಅಂಗಿ, ಎದೆಯ ಹತ್ತಿರ ಒಂದು ಕೆಂಪು ಹೂವು. ಬಾಯಿ ಇಷ್ಟಗಲ ತೆರೆದಿದೆ. ಮೇಲಿನ ಸಾಲಿನಲ್ಲಿ ಹಲ್ಲು ಬಿದ್ದ ಜಾಗ ಬಾಗಿಲು ತೆಗೆದಿಟ್ಟ ಹಾಗೆ ಕಾಣುತ್ತಿದೆ. ಆ ಹಲ್ಲು ಬಿದ್ದ ದಿನದಿಂದ ಅವಳು ಕೈ ಅಡ್ಡ ಹಿಡಿಯದೆ ನಕ್ಕವಳಲ್ಲ. ನಾನೇ ಆ ಜಾಗವನ್ನು ಸರಿಯಾಗಿ ನೋಡಿರಲಿಲ್ಲ. ಈಗ ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದಾರೆ.

ಪಕ್ಕದಲ್ಲೊಂದು ಚೀಟಿ. ‘ದಿನನಿತ್ಯದ ಮನುಷ್ಯ ಕ್ಷಣಗಳು. ಎಲ್ಲರ ಕೈಗೆಟುಕುವ ಬೆಲೆಯ ಪ್ರಿಂಟುಗಳು.’ ಅದರ ಕೆಳಗೆ ಇಂಗ್ಲಿಷಿನಲ್ಲಿ ಅಫೋರ್ಡಬಲ್ ಅಂತ. ಕಾಲೇಜಿನಲ್ಲಿ ಆ ಶಬ್ದಕ್ಕೆ ವಾಕ್ಯ ಬರೆದಿದ್ದೆ: ಐ ಕೆನಾಟ್ ಅಫೋರ್ಡ್ ಟು ಬಿ ಐಡಲ್. ಸರಿಯಾಗಿ ಬರೆದದ್ದಕ್ಕೆ ಲೆಕ್ಚರರ್ ಶಹಬ್ಬಾಸ್ ಅಂದಿದ್ದರು. ಈಗ ಅದೇ ಶಬ್ದ ಅವಳ ಕುತ್ತಿಗೆಗೆ.

ಯಾರೋ ಅವಳನ್ನು ಕದ್ದರು, ಅಗ್ಗ ಮಾಡಿದರು. ಸಾಲದ್ದಕ್ಕೆ ಫೇಲ್ ಮಾಡಿದರು. ಬಿಡುವುದಿಲ್ಲ.

ಮಾರ್ಚ್ 5

ಹೋದೆ. ಫ್ರೇಮಿನವನು ಗಾಜು ಕತ್ತರಿಸುತ್ತಿದ್ದ.

“ಯಾರ್ರೀ ಇದಕ್ಕೆ ಮೂವತ್ತೇಳು ಕೊಟ್ಟಿದ್ದು?”

“ಏನ್ ಸರ್?”

“ಇನ್ನೂರಕ್ಕೆ ಪಾಸಾಗೋಕೆ ಎಪ್ಪತ್ತು ಬೇಕು. ಯಾವ ಎಗ್ಸಾಮಿನರ್ ಅವನು?”

ಅವನು ಚಿತ್ರ ನೋಡಿದ, ನನ್ನ ನೋಡಿದ. “ಅಯ್ಯೋ, ಅದು ಎಡಿಷನ್ ಸರ್.”

“ಅಡಿಷನ್ ತಪ್ಪಿದ್ರೆ ನನ್ನ ಹತ್ರ ತನ್ನಿ. ಅಡಿಷನ್ ಮಾಡೇ ತಲೆ ಬೆಳ್ಳಗಾಗಿರೋದು.”

“ಅಡಿಷನ್ ಅಲ್ಲ, ಎಡಿಷನ್! ಒಟ್ಟು ಇನ್ನೂರು ಪ್ರಿಂಟ್ ತೆಗೀತಾರೆ. ಇದು ಮೂವತ್ತೇಳನೇದು. ಅಷ್ಟೇ ಸರ್.”

ಅಷ್ಟೇ ಅಂತೆ. ಫೇಲ್ ಮಾಡಿದ್ದರೆ ಒಬ್ಬ ಎಗ್ಸಾಮಿನರ್ ಜೊತೆ ಜಗಳ ಮುಗಿಯುತ್ತಿತ್ತು. ಈಗ ಇನ್ನೂರು ಗೋಡೆ. ಇನ್ನೂರು ಮನೆಯವರು ಊಟ ಮಾಡುತ್ತಾ, ಉಗುರು ಕತ್ತರಿಸುತ್ತಾ ಅವಳ ಬಾಯೊಳಗೆ ನೋಡುತ್ತಾರೆ.

“ನಿಮಗೇನಾಗಬೇಕು ಸರ್ ಅವರು?”

“ಹೆಂಡತಿ.”

ಗಾಜು ಕೆಳಗಿಟ್ಟ. ಪಾಪ, ಒಳ್ಳೆಯವನೇ. “ಬೇಜಾರು ಮಾಡ್ಕೋಬೇಡಿ. ಕಲೆ ಸರ್. ಕಲೆ ಅಂತ ನೋಡ್ಬೇಕು.”

“ಬಟ್ಟೆ ಮೇಲೆ ಬಿದ್ದು ಹೋಗದೇ ಇರೋದಕ್ಕೂ ಕಲೆ ಅಂತಾರೆ” ಅಂದೆ.

ಬರೆದವರು ಯಾರು ಅಂದರೆ, ನಿಮ್ಮ ಎದುರು ಬಿಲ್ಡಿಂಗ್, ಮೂರನೇ ಮಹಡಿ, ಕನ್ನಡಕದ ಮೇಡಂ ಅಂದ. ಎದುರು ಬಿಲ್ಡಿಂಗು! ನಮ್ಮ ಬೀದಿಯ ಅಗಲ ಹತ್ತು ಹೆಜ್ಜೆ. ಆ ಹುಡುಗಿಯನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ದೊಡ್ಡ ಮೇಜು, ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ಹಾಳೆಗಳು. ಟೈಲರ್ ಇರಬೇಕು, ಅಳತೆಯ ಕಾಗದ ಇರಬೇಕು ಅಂದುಕೊಂಡಿದ್ದೆ. ಅಳತೆ ತೆಗೆದದ್ದು ನಿಜವೇ.

ಮಾರ್ಚ್ 7

ಕಾಗದ ಬರೆದೆ. ಇಂಗ್ಲಿಷಿನಲ್ಲೇ ಬರೆದೆ, ಭಯ ಇರಬೇಕು. ರೆಸ್ಪೆಕ್ಟೆಡ್ ಮೇಡಂ, ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್, ಐ ಬೆಗ್ ಟು ಸ್ಟೇಟ್… ಬೆಗ್ ಹೊಡೆದುಹಾಕಿದೆ. ನಾನ್ಯಾಕೆ ಬೇಡಲಿ? ಮುಂದೆ, ಮೈ ವೈಫ್ ಹ್ಯಾಸ್ ಬೀನ್ ಲಾಫ್ಡ್ ವಿದೌಟ್ ಮೈ ಪರ್ಮಿಷನ್. ಪ್ಯಾಸಿವ್ ವಾಯ್ಸ್ ಸರಿಯಿದೆಯೋ ಇಲ್ಲವೋ. ಅರ್ಥ ಸರಿಯಿದೆ. ಹತ್ತು ಹೆಜ್ಜೆ ಆಚೆಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ, ವಿತ್ ಅಕ್ನಾಲೆಜ್‌ಮೆಂಟ್. ಕೌಂಟರಿನವರು ವಿಳಾಸ ನೋಡಿ, “ಎದುರು ಮನೆಗಾ?” ಅಂದರು. “ಹೌದು, ದೂರ ಜಾಸ್ತಿ” ಅಂದೆ.

ಮಾರ್ಚ್ 12

ಉತ್ತರ ಬಂತು. ಪೋಸ್ಟಿನಲ್ಲಲ್ಲ, ಬಾಗಿಲ ಕೆಳಗೆ ತೂರಿಸಿದ್ದಾಳೆ. ದಪ್ಪ ಕಾಗದ, ಕನ್ನಡ. ‘ಅಂಕಲ್, ಆಂಟಿ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು ಅಂತ ಎಷ್ಟೋ ಸಲ ಮೆಟ್ಟಿಲ ತನಕ ಬಂದು ವಾಪಸು ಹೋಗಿದ್ದೇನೆ. ಧೈರ್ಯ ಸಾಲಲಿಲ್ಲ. ದಯವಿಟ್ಟು ಬನ್ನಿ.’

ಆಂಟಿಯಂತೆ! ಕದಿಯುವಾಗ ಇದ್ದ ಧೈರ್ಯ ಮೆಟ್ಟಿಲಲ್ಲಿ ಎಲ್ಲಿ ಹೋಯಿತು?

ಡಬಲ್ ಬೆಡ್‌ಶೀಟ್ ತೆಗೆದು ಬಾಲ್ಕನಿಗೆ ಉದ್ದಕ್ಕೂ ಕಟ್ಟಿದೆ. ಇದ್ದ ಕ್ಲಿಪ್ಪುಗಳನ್ನೆಲ್ಲ ಹಾಕಿದೆ. ಇನ್ನು ಏನು ಬರೆಯುತ್ತೀಯೋ ಬರಿ, ಬೆಡ್‌ಶೀಟ್ ಬರಿ. ಇನ್ನೂರು ಪ್ರಿಂಟ್ ತೆಗಿ.

ಮನಸ್ಸಿಗೆ ತಂಪಾಯಿತು.

ಮಾರ್ಚ್ 20

ಹಾಲ್‌ನಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕು. ಪರವಾಗಿಲ್ಲ. ಕುಂಡದ ಎಲೆಗಳು ಹಳದಿಗೆ ತಿರುಗುತ್ತಿವೆ. ಅವಳಿದ್ದಿದ್ದರೆ ನನಗೇ ಬಯ್ಯುತ್ತಿದ್ದಳು. ಬಯ್ಯಲಿ. ಯಾರ ಮಾನ ಉಳಿಸುವುದಕ್ಕೆ ಕಟ್ಟಿದ್ದು?

ಫ್ರೇಮಿನವನು ಸಿಕ್ಕಿದ್ದ. ಖುಷಿಯ ಸುದ್ದಿ ಎಂಬ ಹಾಗೆ ಹೇಳಿದ: “ಸರ್, ಮೇಡಮ್ಮೋರು ಚೆನ್ನಾಗಿ ಹೋಗ್ತಿದ್ದಾರೆ. ಹಲ್ಲಿನ ಡಾಕ್ಟ್ರು ಕೂಡ ಒಂದು ತಗೊಂಡ್ರು, ಕ್ಲಿನಿಕ್‌ಗೆ.”

ಹಲ್ಲಿನ ಡಾಕ್ಟರು!! ಲೋಕದಲ್ಲಿ ಬೇರೆ ಗೋಡೆ ಇರಲಿಲ್ಲವೇ? ಊರ ಜನ ಸಾಲಾಗಿ ಕೂತು ಅವಳ ಬಾಯಿ ನೋಡಿ, ಪಾಪ, ಇವರಿಗಿಂತ ನಮ್ಮದೇ ವಾಸಿ ಅಂದುಕೊಳ್ಳಲಿ ಅಂತಲೇ?

ಡ್ರಾಯರಿನಲ್ಲಿ ಆಫೀಸಿನ ಹಳೇ ವೈಟ್ನರ್ ಇತ್ತು. ಅಲ್ಲಾಡಿಸಿದೆ. ಇನ್ನೂ ಗಟ್ಟಿಯಾಗಿಲ್ಲ. ನಾಳೆ.

ಮಾರ್ಚ್ 21, ಮಧ್ಯಾಹ್ನ 3

ಹಲ್ಲುನೋವು ಎಂದು ಹೇಳಿ ಟೋಕನ್ ತೆಗೆದುಕೊಂಡೆ. ಹನ್ನೊಂದು. ಬೆಂಚಿನ ಮೇಲುಗಡೆ ತೂಗುಹಾಕಿದ್ದಾರೆ. 112/200. ಫ್ರೇಮಿನವನ ಗಾಜಿನ ಹಿಂದಿದ್ದದ್ದಕ್ಕಿಂತ ಇಲ್ಲಿ ಹತ್ತಿರ, ನನ್ನ ಮೂಗಿನ ಎತ್ತರಕ್ಕೇ ಇದ್ದಾಳೆ. ಕೂತಿದ್ದವರು ಒಬ್ಬೊಬ್ಬರೇ ಒಳಗೆ ಹೋದರು. ಟೋಕನ್ ಹುಡುಗಿ ಫೋನಿನಲ್ಲಿದ್ದಳು. ಎದ್ದೆ, ಮುಚ್ಚಳ ತಿರುಗಿಸಿದೆ. ಹಲ್ಲಿನ ಜಾಗ ನೋಡಿ ಗಾಜಿನ ಮೇಲೆ ಒಂದೇ ಒಂದು ಬೊಟ್ಟು ಇಟ್ಟೆ. ಎಷ್ಟು ಸಾವಿರ ತಪ್ಪು ಮುಚ್ಚಿದ ಕೈ.

ಬಾಯಿ ತುಂಬಿತು. ಚೆನ್ನಾಗಿಯೇ ಕಂಡಳು. ಯಾರೋ ಬೇರೆ ಹೆಂಗಸಿನ ಹಾಗೆ.

ಆಗ ಕಣ್ಣು ಆ ಕೆಂಪು ಹೂವಿನ ಮೇಲೆ ಹೋಯಿತು.

ಹೂವಲ್ಲ. ಅದರ ಕೆಳಗೆ ಜೇಬಿನ ಹೊಲಿಗೆ ಇದೆ. ಕೆಳಕ್ಕೆ ಬಾಲ ಇಳಿದ ಗುಂಡು ಬೊಟ್ಟು, ಕಾಮಾ ಹಾಕಿದ ಹಾಗೆ. ನನ್ನ ಕೆಂಪು ಪೆನ್ನು ಸೋರಿ ಆದದ್ದು. ಅದು ನನ್ನ ಆಫೀಸ್ ಶರ್ಟು! ನಿಜವಾದದ್ದು ನೀಲಿ, ಈ ಪ್ರಿಂಟಿನವಳು ಹಳದಿ ಮಾಡಿದ್ದಾಳೆ. ಕಲೆ ಹೋಗಲೇ ಇಲ್ಲ ಕಣ್ರೀ, ನೆಲ ಒರೆಸೋಕೆ ಹಾಕಿದೆ ಅಂದಿದ್ದಳು. ಸುಳ್ಳು. ತೋಳು ಉದ್ದವಾಗಿ ಅವಳ ಬೆರಳನ್ನೂ ಮುಚ್ಚಿದೆ. ಬಲಗೈಯ ಒಂದು ಬೆರಳು ಮಾತ್ರ ಹೊರಗೆ ಬಂದು ಕುಂಡಗಳ ಮೇಲೆ ಎತ್ತಿದೆ. ಗದ್ದ ಕೆಳಗೆ, ಕಣ್ಣು ಮೇಲೆ, ಇಲ್ಲದ ಕನ್ನಡಕದ ಮೇಲಿಂದ ನೋಡುತ್ತಿದ್ದಾಳೆ.

ಅದು ನಾನು. ಅವಳು ನನ್ನ ಅಣಕ ಮಾಡುತ್ತಿದ್ದಾಳೆ.

“ಸರ್! ಏನ್ಮಾಡ್ತಿದೀರಾ?” ಟೋಕನ್ ಹುಡುಗಿ.

ಬಾಯಿಗೆ ಬಂದದ್ದು ಹೇಳಿದೆ. “ಹಲ್ಲು ಕಟ್ತಿದೀನಿ.”

“ಗ್ಲಾಸ್ ಮೇಲೆ ವೈಟ್ನರ್ ಹಾಕ್ತಾರಾ? ಡಾಕ್ಟ್ರು ನೋಡಿದ್ರೆ ನಂಗೆ ಬೈತಾರೆ. ಒರೆಸಿ, ಮೊದ್ಲು ಒರೆಸಿ! ಇಷ್ಟ್ ದೊಡ್ಡೋರಾಗಿ…”

ಕರ್ಚೀಫಿನಲ್ಲಿ ಉಜ್ಜಿದೆ. ಹಲ್ಲು ಹೋಯಿತು, ಅವಳು ವಾಪಸು ಬಂದಳು. ನನ್ನ ಮುಖದ ಮೇಲೇ ನಕ್ಕಳು.

“ಹನ್ನೊಂದು ನೀವೇ ತಾನೇ? ಹೋಗಿ ಒಳಗೆ.”

“ನೋವು ಹೋಯ್ತಮ್ಮ” ಅಂದೆ. ಹೋಗಿರಲಿಲ್ಲ.

ಮಾರ್ಚ್ 22

ನಾದಿನಿ ಫೋನ್ ಮಾಡಿದಳು. ಅಕ್ಕ ಹೋದ ಮೇಲೆ ವಾರಕ್ಕೊಮ್ಮೆ ಮಾಡುತ್ತಾಳೆ.

“ಭಾವ, ಊಟ ಆಯ್ತಾ?”

“ನಿಮ್ಮಕ್ಕ ನನ್ನ ಅಣಕಿಸ್ತಿದ್ಳಾ?”

ಆ ಕಡೆ ಮೂಗಿನಲ್ಲಿ ತಡೆದ ನಗು. “ಯಾರು ಹೇಳಿದ್ರು ನಿಮಗೆ?”

“ಹಲ್ಲಿನ ಡಾಕ್ಟ್ರ ಗೋಡೆ.”

ಅರ್ಥವಾಗಲಿಲ್ಲ ಪಾಪ, ಆದರೂ ಹೇಳಿದಳು. “ಅವಳು ಚಿಕ್ಕಂದಿನಿಂದಾನೂ ಹಾಗೇ ಭಾವ. ಮೇಷ್ಟ್ರು, ಪೋಸ್ಟಿನವರು, ನಮ್ಮಪ್ಪ, ಯಾರನ್ನೂ ಬಿಟ್ಟಿಲ್ಲ. ನಿಮ್ಮ ಅಣಕ ಮಾಡೋಕೆ ನಿಂತ್ಳು ಅಂದ್ರೆ… ‘ಇದ್ಯಾವ ಲೆಕ್ಕ? ಮತ್ತೆ ಕೂಡು!’ ಅಂತ ಬೆರಳೆತ್ತಿ… ಅಯ್ಯಯ್ಯೋ, ನಾವು ಹೊಟ್ಟೆ ಹಿಡ್ಕೊಂಡು ಬೀಳ್ತಿದ್ವಿ.”

“ನಾವು ಅಂದ್ರೆ ಯಾರು?”

“ಎಲ್ರೂ. ನಿಮಗೊಬ್ರಿಗೇ ಗೊತ್ತಿರ್ಲಿಲ್ಲ.”

“ನನ್ನ ಮುಂದೆ ಯಾಕೆ ಮಾಡ್ಲಿಲ್ಲ?”

“ನೀವು ನಗ್ತೀರಾ ಅಂತ ಗ್ಯಾರಂಟಿ ಇರ್ಲಿಲ್ವಲ್ಲ ಭಾವ.”

ಫೋನ್ ಇಟ್ಟೆ. ಊಟ ಆಗಿರಲಿಲ್ಲ.

ಮೂವತ್ತೇಳು ವರ್ಷ. ಈಗ ತಾನೇ ಲೆಕ್ಕ ಹಾಕಿದೆ. ಮದುವೆಯಾಗಿ ಅವಳು ಹೋಗುವ ತನಕ ಮೂವತ್ತೇಳು. ಅಷ್ಟೂ ವರ್ಷ ನನ್ನ ಬೆನ್ನ ಹಿಂದೆ ಇನ್ನೊಬ್ಬ ನಾನು.

ಏಪ್ರಿಲ್ 6

ಹದಿನೈದು ದಿನ ಏನೂ ಬರೆಯಲಿಲ್ಲ. ಬರೆಯುವುದೇನು, ಸಿಟ್ಟು. ಒಂದೇ ಶಬ್ದ ಎಷ್ಟು ಸಲ ಬರೆಯುವುದು?

ಇವತ್ತು ಎದುರು ಮನೆಗೆ ಹೋದೆ. ಮುಗಿಸಿಬಿಡಬೇಕು ಅಂತಲೇ ಹೋದೆ. ಮೂರು ಮಹಡಿ. ಏದುಸಿರು. ಬಾಗಿಲು ತೆಗೆದ ಕನ್ನಡಕದ ಹುಡುಗಿ ನೀರು ತರಲು ಓಡಿದಳು. ಬೈಯಲು ಬಂದವನು ಮೊದಲು ನೀರು ಕುಡಿದೆ, ಏನು ಮರ್ಯಾದೆ ಉಳಿಯಿತು?

“ನಿಲ್ಲಿಸು” ಅಂದೆ. “ಇನ್ನೊಂದು ಪ್ರಿಂಟ್ ಹೊರಗೆ ಹೋಗಕೂಡದು.”

ಅವಳು ವಾದ ಮಾಡಲಿಲ್ಲ. ಒಳಗಿನಿಂದ ಒಂದು ಕಟ್ಟು ತಂದು ಮೇಜಿನ ಮೇಲಿಟ್ಟಳು. ಒಂದರ ಮೇಲೊಂದು ನನ್ನ ಹೆಂಡತಿಯರು. “ಉಳಿದಿರೋದು ಇಷ್ಟೇ ಅಂಕಲ್. ಬೇಡ ಅಂದ್ರೆ ಹರಿದುಬಿಡಿ. ನಿಮ್ಮ ಹಕ್ಕು.”

“ಹರೀತೀನಿ. ಹಲ್ಲು ತೋರಿಸಿ ಮಾರಿದ್ಯಲ್ಲ, ನಾಚಿಕೆ ಆಗ್ಲಿಲ್ವಾ?”

“ನಾನು ಮೊದಲು ಹಲ್ಲು ತುಂಬಿಸೇ ಬರೆದಿದ್ದೆ. ಆಂಟಿ ಬಿಡಲಿಲ್ಲ. ‘ತೆಗಿ ಅದನ್ನ, ಬೇರೆಯೋರ ಹಲ್ಲು ನನಗ್ಯಾಕೆ?’ ಅಂದ್ರು.”

“ನೀನು ಕೇಳಿ ಬರೆದ್ಯಾ?”

“ಆಂಟೀನೇ ಕರೆದದ್ದು. ನೀವು ವಾಕಿಂಗ್ ಹೋಗ್ತಿದ್ರಲ್ಲ, ಐದು ಗಂಟೆಗೆ. ನೀವು ಬೀದಿ ತಿರುಗೋದನ್ನೇ ಕಾಯೋರು. ಆಮೇಲೆ ಶರ್ಟ್ ಹಾಕ್ಕೊಂಡು ಬಂದು ಇಲ್ಲಿಗೆ ಕೇಳೋ ಹಾಗೆ ಶುರು ಮಾಡೋರು. ‘ಏಯ್ ಗಿಡ, ನಿನ್ನೆ ಆರೆಲೆ ಇತ್ತು, ಇವತ್ತು ಐದು. ಇದ್ಯಾವ ಲೆಕ್ಕ?’ ಅಂತ.” ಹುಡುಗಿ ನಗಲು ಹೋಗಿ ನಿಲ್ಲಿಸಿದಳು. ಕಣ್ಣು ಒರೆಸಿಕೊಂಡಳು. “ಎಲ್ಲರ ಮನೇಲೂ ಹಾಕ್ಸು ನನ್ನ ಅಂದಿದ್ರು. ಅವರು ಹೋದ್ಮೇಲೆ ನಾನು ಆರು ತಿಂಗಳು ಇದನ್ನ ಮುಟ್ಟಲೇ ಇಲ್ಲ ಅಂಕಲ್.”

ಹಾಗಾದರೆ ಕದ್ದವಳು ಇವಳಲ್ಲ. ಹತ್ತಿರ ಹತ್ತಿರ ನಲವತ್ತು ವರ್ಷ ನನ್ನನ್ನೇ ಕದ್ದವಳು ಇನ್ನೊಬ್ಬಳು. ಅವಳ ಮೇಲಿನ ಸಿಟ್ಟಿಗೇ ಕಟ್ಟು ಎಳೆದುಕೊಂಡೆ. ಹರಿಯುವ ಮೊದಲು ಎಣಿಸಬೇಕು, ಆಫೀಸಿನಲ್ಲಿ ಹಳೇ ಪತ್ರಿಕೆ ನಾಶಮಾಡುವಾಗಲೂ ಅದೇ ಕ್ರಮ. ಅರವತ್ತೊಂದು. ತೆಗೆದುಕೊಂಡವರ ಪಟ್ಟಿ ಕೇಳಿದೆ, ನೋಟ್‌ಬುಕ್ ಕೊಟ್ಟಳು. ನೂರಮೂವತ್ತೆಂಟು. ಮತ್ತೆ ಎಣಿಸಿದೆ.

“ನೂರತೊಂಬತ್ತೊಂಬತ್ತೇ ಆಗುತ್ತೆ. ಒಂದು ಸಿಗ್ತಿಲ್ಲ.”

“ಒಂದನೇ ನಂಬರ್ ಅಲ್ವಾ? ಅದು ಆಂಟೀದು. ಮನೇಲಿ ಹಾಕಿದೀನಿ, ಹಾಲ್‌ನಲ್ಲೇ, ಅಂದಿದ್ರು.”

“ನಮ್ಮ ಹಾಲ್‌ನಲ್ಲಿ ಇರೋದು ನನ್ನ ರಿಟೈರ್‌ಮೆಂಟ್ ಫೋಟೋ ಒಂದೇ.”

“ಗೊತ್ತಿಲ್ಲ ಅಂಕಲ್. ಹಾಗಂದಿದ್ರು.”

ಲೆಕ್ಕ ಸೇರದೆ ನಾಶಮಾಡುವಂತಿಲ್ಲ. ರೂಲ್ ಇದೆ. ಕಟ್ಟು ಹಾಗೇ ಬಿಟ್ಟು ಬಂದೆ.

ಏಪ್ರಿಲ್ 7, ಬೆಳಗ್ಗೆ 11

ಫೋಟೋ ಇಳಿಸಿದೆ. ಹಾರ, ಶಾಲು, ಮುಖ ಗಂಟಿಕ್ಕಿಕೊಂಡ ನಾನು. ಹಿಂದಿನ ರಟ್ಟಿನ ಮೊಳೆ ಸಡಿಲವಿತ್ತು. ರಟ್ಟು ತೆಗೆದೆ.

ಅಲ್ಲೇ ಇದ್ದಾಳೆ. ನನ್ನ ಬೆನ್ನಿಗೆ ಬೆನ್ನು ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಗುತ್ತಾ. 1/200. ನಾನು ಅದರ ಎದುರು ಕೂತು ಅವಳಿಗೆ ಟೀ ಆರಿದೆ ಅಂದಿದ್ದೇನೆ, ಸಕ್ಕರೆ ಹೆಚ್ಚಾಯಿತು ಅಂದಿದ್ದೇನೆ. ಅವಳು ಹೂಂ ಅನ್ನುತ್ತಾ ಒಮ್ಮೊಮ್ಮೆ ಫೋಟೋ ಕಡೆ ನೋಡುತ್ತಿದ್ದಳು. ಹೆಮ್ಮೆಯಿಂದ ನೋಡುತ್ತಿದ್ದಾಳೆ ಅಂದುಕೊಂಡಿದ್ದೆ.

ಪ್ರಿಂಟ್ ತಿರುಗಿಸಿದೆ. ಹಿಂದೆ ಕೆಂಪು ಇಂಕು, ನನ್ನದೇ ಪೆನ್ನು, ಅವಳ ಅಕ್ಷರ:

ರೀಟೋಟಲಿಂಗ್‌ಗೆ ಅವಕಾಶವಿಲ್ಲ.

ಇನ್ನೂರಕ್ಕೆ ಒಂದು. ಇದು ಅವಳ ಅಂಕವಲ್ಲ. ನನ್ನದು. ಒಂದಾದರೂ ಯಾಕೆ ಕೊಟ್ಟಳೋ.

ಕುರ್ಚಿಯಲ್ಲಿ ಕೂತೆ. ಹೋಗಿಬಿಟ್ಟವಳ ಮೇಲೆ ಸೇಡು ತೀರಿಸಿಕೊಳ್ಳುವುದು ಹೇಗೆ? ರಿಜಿಸ್ಟರ್ಡ್ ಪೋಸ್ಟ್ ಹೋಗುವುದಿಲ್ಲ. ಬೆಡ್‌ಶೀಟ್ ಅಡ್ಡ ಬರುವುದಿಲ್ಲ.

ಆದರೆ ಬಿಡುವವನಲ್ಲ ನಾನು.

ಏಪ್ರಿಲ್ 9, ಸಂಜೆ

ಬೆಡ್‌ಶೀಟ್ ಬಿಚ್ಚಿದೆ. ಕುಂಡಗಳಿಗೆ ನೀರು ಹಾಕಿದೆ. ಎರಡು ಸತ್ತಿವೆ, ಉಳಿದವು ಬದುಕುತ್ತವೆ. ಬೀರುವಿನಿಂದ ಅವಳ ಮರೂನ್ ಸ್ವೆಟರ್ ತೆಗೆದು ಹಾಕಿಕೊಂಡೆ. ಗುಂಡಿ ಸೇರಲಿಲ್ಲ, ಬಿಟ್ಟೆ. ಐದು ಗಂಟೆಗೆ ಸರಿಯಾಗಿ ಬಾಲ್ಕನಿಗೆ ಬಂದು ಎದುರಿನ ಕಿಟಕಿಗೆ ಕೇಳುವ ಹಾಗೆ ಶುರು ಮಾಡಿದೆ.

ಮೊದಲು ಅವಳ ಫೋನ್. “ಹಲೋ… ಹಾಂ… ಇಲ್ಲಪ್ಪ, ಏನೂ ಹೇಳಲ್ಲ ನಾನು… ಹೇಳ್ತೀನಿ ಕೇಳು” ಎನ್ನುತ್ತಾ ಕಂಬಿ ಒರೆಸುವುದು, ಒರೆಸಿದ ಕಂಬಿಯನ್ನೇ ಮತ್ತೆ ಒರೆಸುವುದು. ಆಮೇಲೆ ಅವಳ ಸೀನು, ಮೂರು, ಮೂರನೆಯದಕ್ಕೆ ಬೀದಿಗೇ ಬೈಗುಳ. ಆಮೇಲೆ ಕೀ ಎಲ್ಲಿಟ್ಟೆ ಅಂತ ಕೈಯಲ್ಲಿ ಕೀ ಹಿಡಿದು ಹುಡುಕುವುದು. ಇಷ್ಟೆಲ್ಲ ನನಗೆ ಗೊತ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ನೋಡಿದೆಯಾ, ನಾನೂ ನೋಡುತ್ತಿದ್ದೆ. ನಿನಗೊಬ್ಬಳಿಗೇ ಬರುತ್ತದೆ ಅಂದುಕೊಂಡಿದ್ದೆಯಾ?

ಎದುರು ಕಿಟಕಿ ತೆರೆಯಿತು. ಹುಡುಗಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

“ಏನು ನೋಡ್ತೀಯಾ? ಬರಿ!” ಅಂದೆ. “ಇನ್ನೂರು ತೆಗಿ. ಅದೇ ಪಟ್ಟಿ, ಅದೇ ಮನೆಗಳು. ಅವಳು ಎಲ್ಲೆಲ್ಲಿ ತೂಗ್ತಿದಾಳೋ ಅಲ್ಲೆಲ್ಲ ಅವಳ ಎದುರು ಗೋಡೆಗೇ ನಾನು ತೂಗಬೇಕು. ಹಲ್ಲಿನ ಡಾಕ್ಟ್ರಿಂದ ಶುರು ಮಾಡು. ನೋಡ್ತಾ ಇರ್ಲಿ ಮುಖ.”

“ಅಂಕಲ್, ಕೂತ್ಕೊಳ್ಳಿ, ಅಲ್ಲಾಡ್ತೀರಾ ನೀವು!”

ಕೂತೆ. ನನ್ನವಳು ಸಾಮಾನಿನ ಚೀಟಿ ಬರೆಯುವ ಹಾಗೆ ಕೂತೆ, ಮೊಣಕಾಲು ಮಡಚಿ, ಗದ್ದಕ್ಕೆ ಕೈ ಕೊಟ್ಟು, ನಾಲಿಗೆ ತುದಿ ಹೊರಗೆ. ಚೀಟಿಯ ಬದಲು ಈ ಡೈರಿ. ಬರೆಯುವ ಹಾಗೆ ನಟಿಸಲು ಬರುವುದಿಲ್ಲ, ಅದಕ್ಕೆ ನಿಜವಾಗಿಯೇ ಬರೆಯುತ್ತಿದ್ದೇನೆ. ಫ್ರೇಮಿನವನು ಕೆಳಗೆ ಬೀದಿಯಲ್ಲಿ ನಿಂತು ಮೇಲೆ ನೋಡುತ್ತಿದ್ದಾನೆ. ನೋಡಲಿ. ಸ್ವೆಟರಿನ ತೋಳು ಮೊಣಕೈಗೆ ಬಂದಿದೆ, ಇದನ್ನು ಕಂಡಿದ್ದರೆ ಅವಳು… ನಗು ಬಂತು. ಕೈ ತಾನಾಗಿಯೇ ಬಾಯಿಗೆ ಹೋಯಿತು, ಅವಳ ಹಾಗೇ. ಅದನ್ನು ನಾನು ಮಾಡಬೇಕು ಅಂತ ಮಾಡಿದ್ದಲ್ಲ.

“ಕೈ ತೆಗೀರಿ ಅಂಕಲ್” ಅಂತ ಆ ಕಡೆಯಿಂದ ಕೂಗು.

ತೆಗೆದೆ.

“ಹಾಗೇ ಇರಿ. ಹಾಗೇ.”

ಅಂಕ ನಾನೇ ಬರೆಯಬೇಕು, ಪೆನ್ಸಿಲ್ಲಿನಲ್ಲಲ್ಲ, ಕೆಂಪಿನಲ್ಲಿ. ಮೊದಲನೆಯದು ಅವಳ ಹಿಂದೆ, ಅದೇ ಫ್ರೇಮಿನೊಳಗೆ, ಈ ಸಲ ಅವಳ ಮುಖ ಹಾಲ್ ಕಡೆಗೆ, ನಾನು ಗೋಡೆಯ ಕಡೆಗೆ. ಆಮೇಲೆ ಎರಡನೆಯದು… ಬೆಳಕು ಹೋಗುತ್ತಿದೆ. ಗೆರೆ ಕಾಣುತ್ತಿಲ್ಲ. ಅಲ್ಲಾಡಬೇಡಿ ಅಂದಿದ್ದಾಳೆ ಹುಡುಗಿ, ಲೈಟ್ ಹಾಕಲು ಏಳುವಂತಿಲ್ಲ, ಇನ್ನು ಸ್ವಲ್ಪ ಹೊತ್ತು ಹೀಗೇ